ಅಯ್ಯನವರಿಗೆ ಕೆಂಪು ಗೆರೆ

ದೇವರು ತಾಳ್ಮೆ ಹಂಚುತ್ತಿದ್ದ ದಿನ ನಾನೂ ಸಾಲಿನಲ್ಲಿ ನಿಂತಿರಬೇಕು. ಸಾಲು ಉದ್ದವಿತ್ತೆಂದು ಬೇಸತ್ತು ನಡುವೆಯೇ ಎದ್ದು ಬಂದುಬಿಟ್ಟೆನೆಂದು ಕಾಣುತ್ತದೆ. ಬಸ್ಸು ಪೂರ್ತಿ ನಿಲ್ಲುವ ಮೊದಲೇ ಇಳಿಯಲು ಹೋಗಿ ಹಳಿಯಾಳದ ಬಸ್ ಸ್ಟ್ಯಾಂಡಿನಲ್ಲಿ ಎರಡು ಸಲ ಮೊಣಕಾಲು ಕೆತ್ತಿಸಿಕೊಂಡವನು ನಾನು. ಒಲೆಯ ಮೇಲಿನ ಅನ್ನ ಬೆಂದಿದೆಯೇ ಎಂದು ಐದೈದು ನಿಮಿಷಕ್ಕೆ ಮುಚ್ಚಳ ತೆಗೆದು ನೋಡಿ, ಅದು ಬೇಯದ ಹಾಗೆ ಮಾಡಿದವನೂ ನಾನೇ. ಮದುವೆಯ ದಿನ ನಮ್ಮ ಕ್ರೈಸ್ತ ಪದ್ಧತಿಯಂತೆ ಅಯ್ಯನವರು ನನ್ನನ್ನು ಕೇಳಬೇಕಾದ ಒಪ್ಪಿಗೆಯ ಪ್ರಶ್ನೆಯನ್ನು ಅರ್ಧ ಕೇಳಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ "ಹೌದು, ಒಪ್ಪಿಗೆ" ಎಂದುಬಿಟ್ಟಿದ್ದೆ. ಕೂತವರೆಲ್ಲ ನಕ್ಕರಂತೆ. ನನ್ನ ಹೆಂಡತಿ ಸುಗುಣ ಈಗಲೂ ಆ ಮಾತು ತೆಗೆಯುತ್ತಾಳೆ. "ಪೂರಾ ಪ್ರಶ್ನೆ ಕೇಳಿಸ್ಕೊಂಡು ಒಂದೀಟು ವಿಚಾರ ಮಾಡಿದ್ರ ಇಬ್ರೂ ಪಾರಾಗತಿದ್ವಿ ನೋಡ್ರಿ" ಎನ್ನುತ್ತಾಳೆ.

ಇಂಥ ಮನುಷ್ಯನಿಗೆ ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಸಿಕ್ಕ ಕೆಲಸ ಟೈಂಕೀಪರನದು. ಗೇಟಿನ ಪಕ್ಕದ ಸಣ್ಣ ಖೋಲಿಯಲ್ಲಿ ಕೂತು, ಬಂದವರ ಹೆಸರಿನ ಮುಂದೆ ಗುರುತು ಹಾಕಬೇಕು. ಭೋಂಗಾ, ಎಂದರೆ ಶಿಫ್ಟಿನ ಸೈರನ್ನು, ಕೂಗಿದ ಮೇಲೆ ಐದು ನಿಮಿಷದೊಳಗೆ ಬಂದವರಿಗೆ ನೀಲಿ ಗುರುತು, ಆಮೇಲೆ ಬಂದವರಿಗೆ ಕೆಂಪು ಗೆರೆ; ಗೆರೆ ಬಿದ್ದರೆ ಅರ್ಧ ದಿನದ ಪಗಾರ ಹಿಡಿಯುತ್ತಿದ್ದರು. ಧಾರವಾಡ, ಬೆಳಗಾವಿ ಕಡೆಯ ಹಳ್ಳಿಗಳಿಂದ ಬಂದಿದ್ದ ಮಂದಿ ಅಲ್ಲಿಯವರೆಗೆ ಹೊತ್ತು ಮೂಡಿದ್ದು ನೋಡಿ ಏಳುತ್ತಿದ್ದವರು. ಈ ಐದು ನಿಮಿಷದ ಲೆಕ್ಕ ಅವರಿಗೆ ಹೊಸದು. "ಅರ್ಧಾ ಮಿನಿಟ್ ಆಗೈತ್ರಿ ಸಾಹೇಬ್ರ, ಗೆರಿ ಹೊಡೀಬ್ಯಾಡ್ರಿ" ಎಂದು ಕೈ ಮುಗಿದರೂ ನನ್ನ ಪೆನ್ನು ನಿಲ್ಲುತ್ತಿರಲಿಲ್ಲ. ನಮ್ಮ ಪಕ್ಕದ ಕ್ವಾರ್ಟರ್ಸಿನ ಕಲ್ಲಪ್ಪ, ಬೈಲಹೊಂಗಲ ಕಡೆಯವನು, ಬಾಯ್ಲರಿನಲ್ಲಿ ಕೆಲಸ. ಹಣೆಯ ವಿಭೂತಿ ಇನ್ನೂ ಒದ್ದೆಯಿರುವಾಗಲೇ ಓಡಿ ಬಂದು ಎಷ್ಟೋ ಸಲ ನನ್ನ ಕೈಯಲ್ಲಿ ಕೆಂಪು ಗೆರೆ ಹಾಕಿಸಿಕೊಂಡವನು. ಆದರೂ ಸಂಜೆ ನಮ್ಮ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ದೊಡ್ಡ ಮನಸ್ಸಿನ ಮನುಷ್ಯ.

ಕಾರ್ಖಾನೆಯಲ್ಲಿ ನಾವು ಕ್ರೈಸ್ತರು ಹದಿನೈದು ಹದಿನಾರು ಮನೆ ಇದ್ದೆವು. ಎಲ್ಲರೂ ಕೆಲಸಕ್ಕಾಗಿ ಬಯಲುಸೀಮೆಯಿಂದ ಬಂದವರೇ. ದೇವಾಲಯ ಇನ್ನೂ ಆಗಿರಲಿಲ್ಲ. ಹಳೆಯ ಕಟ್ಟಿಗೆ ಡಿಪೋದ ಒಂದು ತಗಡಿನ ಶೆಡ್ಡಿನಲ್ಲಿ ರವಿವಾರ ಆರಾಧನೆ ನಡೆಯುತ್ತಿತ್ತು. ಮುಂದಿನ ಮರಕ್ಕೆ ಒಂದು ರೈಲು ಪಟ್ಟಿಯ ತುಂಡು ಕಟ್ಟಿದ್ದೆವು, ಅದೇ ನಮ್ಮ ಗಂಟೆ. ಪ್ರಾರ್ಥನೆ, ಹಾಡು ನಾವೇ ನಡೆಸಿಕೊಳ್ಳುತ್ತಿದ್ದೆವು. ಆದರೆ ಕೂಸಿನ ತಲೆಗೆ ನೀರು ಹಾಕಿ ಹೆಸರಿಡುವ ದೀಕ್ಷಾಸ್ನಾನ, ರೊಟ್ಟಿ ಹಂಚುವ ಕರ್ತನ ಭೋಜನ ಇವು ಸಭಾಪಾಲಕರೇ ಬಂದು ನಡೆಸಿಕೊಡಬೇಕಾದವು. ಸಭಾಪಾಲಕರನ್ನು ನಾವು ಅಯ್ಯನವರು ಎನ್ನುತ್ತೇವೆ. ನಮ್ಮ ಅಯ್ಯನವರು ತಿಂಗಳಿಗೊಮ್ಮೆ ಧಾರವಾಡದಿಂದ ಹೊರಟು, ಹಳಿಯಾಳದಲ್ಲಿ ಬಸ್ಸು ಬದಲಿಸಿ, ದೇವರ ಚಿತ್ತವಿದ್ದರೆ ಹತ್ತು ಗಂಟೆಗೆ ನಮ್ಮನ್ನು ಮುಟ್ಟುತ್ತಿದ್ದರು.

ಆ ವರ್ಷ ನನ್ನನ್ನು ಸಭೆಯ ಹಿರಿಯನನ್ನಾಗಿ ಆರಿಸಿದರು. ಯಾಕೆ ಆರಿಸಿದರೋ ಅವರೇ ಬಲ್ಲರು. ಆರಿಸಿದ ಮರುವಾರವೇ ನಾನು ಒಂದು ದಪ್ಪ ಹಾಜರಿ ಪುಸ್ತಕ ತಂದು, ಎಲ್ಲರ ಹೆಸರು ಬರೆದು, ಕಾರ್ಖಾನೆಯ ಪದ್ಧತಿಯನ್ನೇ ಜಾರಿಗೆ ತಂದೆ. ಗಂಟೆ ಬಡಿದು ಐದು ನಿಮಿಷಕ್ಕೆ ಬಾಗಿಲು ಮುಂದಕ್ಕೆ ಮಾಡುವುದು. ತಡವಾಗಿ ಬಂದವರಿಗೆ ಕೆಂಪು ಗೆರೆ. ಇನ್ನೊಂದು ಠರಾವು: ಅಯ್ಯನವರು ಅರ್ಧ ತಾಸಿನೊಳಗೆ ಬಾರದಿದ್ದರೆ ಹಿರಿಯರೇ ಆರಾಧನೆ ಮುಗಿಸಿ ಜನರನ್ನು ಕಳಿಸಿಬಿಡುವುದು. ರವಿವಾರ ಸಂತೆ, ಎರಡು ಗಂಟೆಗೆ ಕೆಲವರಿಗೆ ಶಿಫ್ಟು, ಎಲ್ಲರಿಗೂ ಅನುಕೂಲ ಎಂದು ವಾದಿಸಿದೆ. "ದೇವರಿಗೂ ಭೋಂಗಾ ಹಚ್ಚಿದ್ರಿ ಅಂದಂಗಾತು" ಎಂದ ಸುಗುಣಳ ಮಾತನ್ನು ನಾನು ಹೊಗಳಿಕೆ ಎಂದೇ ತಿಳಿದೆ.

ಇನ್ನು ಮಾರ್ಥವ್ವನ ವಿಷಯ. ಆಕೆ ನಮ್ಮ ಊರಿನ ಕಡೆಯ ಮುದುಕಿ. ಮಗ ಶಾಂತಪ್ಪ ಜೊಯಿಡಾದ ಆಚೆ ಬಿದಿರು ಕಡಿಯುವ ಗ್ಯಾಂಗಿಗೆ ಮೇಸ್ತ್ರಿ. ಮಗ, ಸೊಸೆ, ಮೊಮ್ಮಗನ ಜೊತೆ ಕಾಡಿನ ಗುಡಿಸಲಿನಲ್ಲಿ ಆಕೆಯ ವಾಸ. ಮೊಮ್ಮಗ ಹುಟ್ಟಿ ಎಂಟು ತಿಂಗಳಾಗಿತ್ತು, ದೀಕ್ಷಾಸ್ನಾನ ಆಗಿರಲಿಲ್ಲ. ಮೂರು ತಿಂಗಳಿಂದ ಅಯ್ಯನವರು ಬರುವ ರವಿವಾರ ನೋಡಿಕೊಂಡು ಇಡೀ ಸಂಸಾರ ಬಿದಿರಿನ ಲಾರಿ ಹತ್ತಿ ದಾಂಡೇಲಿಗೆ ಬರುತ್ತಿತ್ತು. ಮೊದಲ ಸಲ ದಾರಿಯ ಹಳ್ಳಕ್ಕೆ ನೀರು ಬಂದು ಅಯ್ಯನವರು ಬರಲಿಲ್ಲ. ಎರಡನೆಯ ಸಲ ಅವರಿಗೆ ಜ್ವರ. ಮೂರನೆಯ ಸಲ ಯಾರೋ ತೀರಿಕೊಂಡು ಅವರ ಮಣ್ಣಿಗೆ ಹೋಗಬೇಕಾಯಿತು. ಪ್ರತಿ ಸಲವೂ ಮಾರ್ಥವ್ವ "ಆತು, ಬರೂ ತಿಂಗಳಾ ಬರ್ತೇವಿ" ಎಂದು ಸಮಾಧಾನದಿಂದ ಲಾರಿ ಹತ್ತುತ್ತಿದ್ದಳು. ದೀಕ್ಷಾಸ್ನಾನದ ಹೊತ್ತಿಗೆ ಕೂಸಿನ ಪರವಾಗಿ ಮಾತು ಕೊಡುವ ಸಾಕ್ಷಿಯಾಗಿ ನಿಲ್ಲಬೇಕೆಂದು ನನ್ನನ್ನು ಕೇಳಿಕೊಂಡಿದ್ದಳು. ನಾನು ಒಪ್ಪಿದ್ದೆ. ಈಗ ನಾಲ್ಕನೆಯ ಸಲ. ಮರುದಿನ ಸೋಮವಾರ ಬೆಳಿಗ್ಗೆ ಗ್ಯಾಂಗು ಸೂಪಾದ ಆಚೆ ಒಳಗಿನ ಕಾಡಿಗೆ ಹೋಗುವುದಿತ್ತು. ಅಲ್ಲಿಗೆ ಹೋದರೆ ಮಳೆ ಹಿಡಿಯುವ ತನಕ ಹೊರಗೆ ಬರುವ ಹಾಗಿರಲಿಲ್ಲ. ದೀಕ್ಷಾಸ್ನಾನ ಆಗುವುದಿದ್ದರೆ ಈ ರವಿವಾರವೇ ಆಗಬೇಕು, ಇಲ್ಲವಾದರೆ ಮುಂದಿನ ಮಳೆಗಾಲ.

ಅದು ಡಿಸೆಂಬರಿನ ಮೊದಲ ರವಿವಾರ. ಕ್ರಿಸ್ತಜಯಂತಿಯ ಮುಂಚಿನ ನಾಲ್ಕು ವಾರಗಳನ್ನು ನಾವು ಆಗಮನ ಕಾಲ ಎನ್ನುತ್ತೇವೆ. ಬರುವ ಕರ್ತನಿಗಾಗಿ ಕಾಯುವುದನ್ನು ಕಲಿಯಲೆಂದೇ ಹಿರಿಯರು ಇಟ್ಟ ಕಾಲ ಅದು. ನಾಲ್ಕು ವಾರ ಯಾಕೆ, ಎರಡು ಸಾಲದೇ ಎಂದು ನನಗೆ ಚಿಕ್ಕಂದಿನಿಂದಲೂ ಅನುಮಾನ. ಹತ್ತು ಗಂಟೆಗೆ ನಾನೇ ರೈಲು ಪಟ್ಟಿ ಬಡಿದೆ. ಐದು ನಿಮಿಷಕ್ಕೆ ಬಾಗಿಲು ಮುಂದಕ್ಕೆ ಮಾಡಿದೆ. ಹತ್ತೂವರೆಯಾದರೂ ಅಯ್ಯನವರ ಸುಳಿವಿಲ್ಲ. ಠರಾವಿನ ಪ್ರಕಾರ ಎದ್ದು ನಿಂತು ಪ್ರಸಂಗಕ್ಕೆ ತೊಡಗಿದೆ. ವಿಷಯ ಬೇರೇನಿರುತ್ತದೆ, ಕಾಯುವುದು. ದೇವಾಲಯದಲ್ಲಿ ಮುಪ್ಪಿನ ತನಕ ಕಾದು ಕಡೆಗೆ ಶಿಶು ಕ್ರಿಸ್ತನನ್ನು ಕೈಯಲ್ಲಿ ಎತ್ತಿಕೊಂಡ ಬೈಬಲಿನ ಮುದುಕನ ಸಂಗತಿ ಹೇಳಿದೆ. ತಾಳ್ಮೆಯಿಲ್ಲದ ನಂಬಿಕೆ ನಂಬಿಕೆಯೇ ಅಲ್ಲ ಎಂದೆ. ಚೆನ್ನಾಗಿ ಮಾತಾಡಿದೆನೆಂದು ನನಗನ್ನಿಸಿತು. ಆ ಹೊತ್ತಿನಲ್ಲಿ ನಾನು ಕೈಗಡಿಯಾರವನ್ನು ಹನ್ನೊಂದು ಸಲ ನೋಡಿದೆನಂತೆ. ಎಣಿಸಿದವಳು ಸುಗುಣ.

ಪ್ರಸಂಗ ಮುಗಿಯಿತು, ಆಶೀರ್ವಾದದ ಪ್ರಾರ್ಥನೆ ಆಯಿತು, ಜನ ಸಂತೆಗೂ ಮನೆಗೂ ಹೊಳೆಗೂ ಚದುರಿದರು. ಶಾಂತಪ್ಪ ಮುಖ ಸಣ್ಣದು ಮಾಡಿಕೊಂಡು ಕ್ಯಾಂಪಿಗೆ ಬೇಕಾದ ಸಾಮಾನು ತರಲು ಸಂತೆಗೆ ಹೋದ. ಸೊಸೆ ಕೂಸನ್ನು ಎತ್ತಿಕೊಂಡು ಸುಗುಣಳ ಜೊತೆ ನಮ್ಮ ಮನೆಗೆ ಹೋದಳು. ನಾನು ಪುಸ್ತಕ ಬಿಡಿಸಿದೆ. ಮೊದಲ ಸಾಲಿನಲ್ಲೇ ಅಯ್ಯನವರ ಹೆಸರಿತ್ತು. ಪದ್ಧತಿ ಎಂದರೆ ಪದ್ಧತಿ. ಕೆಂಪು ಪೆನ್ನು ತೆಗೆದು ಅದರ ಮುಂದೆ ನೆಟ್ಟಗೆ ಒಂದು ಗೆರೆ ಎಳೆದೆ. ಎಳೆದು ತಲೆಯೆತ್ತಿದರೆ ಮಾರ್ಥವ್ವ ಚಾಪೆಯ ಮೇಲೆ ಹಾಗೇ ಕೂತಿದ್ದಳು. ಮುಂದೆ ಒಂದು ಚೀಲ ಅವರೆಕಾಯಿ ಸುರುವಿಕೊಂಡಿದ್ದಳು. ಸುಗುಣ ಬೆಳಿಗ್ಗೆಯೇ ಸಂತೆಯಿಂದ ತಂದು ಮೂಲೆಯಲ್ಲಿಟ್ಟ ಕಾಯಿ ಅದು.

"ಆರಾಧನಿ ಮುಗೀತವ್ವಾ. ಅಯ್ಯನವ್ರು ಇವತ್ತ ಬರೂದಿಲ್ಲ. ನಡೀ, ಮನಿಗೆ ಹೋಗೂಣು" ಎಂದೆ.

"ಬರೂದಿಲ್ಲಂತ ಯಾರ ಹೇಳ್ಯಾರ?"

"ಹತ್ತಕ್ಕ ಬರಬೇಕಾಗಿತ್ತು. ಈಗ ಹನ್ನೊಂದ ದಾಟೇತಿ."

"ಹತ್ತು ಹನ್ನೊಂದು ನಿಂದು ತಮ್ಮಾ. ಅವ್ರು ಬರೂದು ಬಸ್ಸಿನ್ಯಾಗ. ನೀ ಹೋಗು, ನಾ ಕುಂದರ್ತೇನಿ" ಎಂದು ಆಕೆ ಕಾಯಿ ಸುಲಿಯತೊಡಗಿದಳು.

ನಾನು ಹೋಗುವುದೆಲ್ಲಿಂದ ಬಂತು? ಶೆಡ್ಡಿಗೆ ಬೀಗ ಹಾಕಿ ಕೀಲಿಕೈಯನ್ನು ಡಿಪೋದವರಿಗೆ ಒಪ್ಪಿಸುವ ಹೊಣೆ ನನ್ನದು. ಈಕೆ ಏಳದೆ ಬೀಗ ಬೀಳುವ ಹಾಗಿಲ್ಲ. ನಾಲ್ಕು ಹೆಜ್ಜೆ ಹೊರಗೆ ಹೋದೆ, ರಸ್ತೆ ನೋಡಿದೆ, ಒಳಗೆ ಬಂದೆ, ಗಡಿಯಾರ ನೋಡಿದೆ. ಐದಾರು ಸಲ ಹೀಗಾದ ಮೇಲೆ ಮಾರ್ಥವ್ವ ತಲೆಯೆತ್ತದೆ ಹೇಳಿದಳು. "ಹಂಗ ಅಡ್ಡ್ಯಾಡಿದ್ರ ಬಸ್ಸು ಲಗೂನ ಬರೂದಿಲ್ಲ. ಕೂಡು ಇಲ್ಲೆ. ನಾಕು ಕಾಯಿ ಸುಲಿ." ಕಾರ್ಖಾನೆಯ ಗೇಟಿನಲ್ಲಿ ನನಗೆ ಹೀಗೆ ಅಪ್ಪಣೆ ಕೊಡುವವರಿರಲಿಲ್ಲ. ನಾನು ಸುಮ್ಮನೆ ಕೂತು ಅವರೆಕಾಯಿ ಕೈಗೆ ತೆಗೆದುಕೊಂಡೆ. ಸಿಟ್ಟಿನಲ್ಲಿ ಸುಲಿದರೆ ಏನಾಗುತ್ತದೆಂದರೆ, ಕಾಳು ಸಿಪ್ಪೆಯ ಗುಂಪಿಗೂ ಸಿಪ್ಪೆ ಕಾಳಿನ ಗುಂಪಿಗೂ ಹೋಗುತ್ತವೆ. ಮಾರ್ಥವ್ವ ನನ್ನ ಸಿಪ್ಪೆಯ ಗುಂಪಿನಿಂದ ಕಾಳು ಆರಿಸಿಕೊಂಡಳು.

ಸ್ವಲ್ಪ ಹೊತ್ತಿನ ಮೇಲೆ ನಾನೇ ಮಾತು ತೆಗೆದೆ. ಬುದ್ಧಿ ಹೇಳುವ ದನಿಯಲ್ಲಿ, "ಮಳಿ ಹಿಡದ ಮ್ಯಾಲೆ ಬರ್ತೀರಲ್ಲವ್ವಾ, ಆವಾಗ ಮಾಡಿಸಿದ್ರ ನಡೀತೈತಿ. ದೇವರು ಎಲ್ಲೆ ಹೊಕ್ಕಾನು?" ಎಂದೆ.

ಆಕೆಯ ಬೆರಳು ಕಾಯಿಯ ಮೇಲೆ ನಿಂತವು. "ಶಾಂತಪ್ಪಂದು ಮೊದಲನೇದು ಒಂದು ಇತ್ತು ತಮ್ಮಾ. ಹೆಣ್ಣು ಕೂಸು. ಹಿಂಗ ಬರೂ ತಿಂಗಳಾ, ಬರೂ ತಿಂಗಳಾ ಅನ್ಕೋತ ಇದ್ವಿ. ಆರು ತಿಂಗಳಿಗೆ ಜ್ವರ ಬಂದು ಹೋತು. ಹೆಸರಿಟ್ಟು ದೇವರ ಕೈಯಾಗ ಕೊಡಾಕ ಆಗಲಿಲ್ಲ. ದೇವರು ಅದನ್ನ ಇಟಗೊಂಡಿರ್ತಾನ, ನನಗ ಗೊತ್ತೈತಿ. ಆದ್ರ ನನ್ನ ಸೊಸಿಗೆ ಗೊತ್ತಾಗವಲ್ದು. ಒಳಗಿನ ಅಡವಿಗೆ ಇದನ್ನ ಹಿಂಗ ಕರಕೊಂಡು ಹೋದ್ರ ಆಕಿ ದಿನಾ ಹೆದರ್ಕೋತ ಕುಂದರ್ತಾಳ" ಎಂದಳು. ಮತ್ತೆ ಸುಲಿಯತೊಡಗಿದಳು.

ಹತ್ತೂವರೆಗೆ ನಿಂತು ತಾಳ್ಮೆಯ ಬಗ್ಗೆ ಆಡಿದ ಮಾತುಗಳೆಲ್ಲ ನೆನಪಾಗಿ ನಾಚಿಕೆಯಾಯಿತು. ಆಕೆ ಕಾಯುತ್ತಿದ್ದುದು ನನ್ನ ಹಾಗೆ ಹೊತ್ತು ಕಳೆಯಲಿ ಎಂದಲ್ಲ. ಬರುವವರು ಬಂದೇ ಬರುತ್ತಾರೆಂದು ನಂಬಿ ಕೂತಿದ್ದಳು. ನಾನೂ ಆಮೇಲೆ ಗಡಿಯಾರ ನೋಡಲಿಲ್ಲ. ಎರಡು ಸಲ ನೋಡಿದೆ, ಅಷ್ಟೇ.

ಒಂದು ಗಂಟೆಗೆ ಹತ್ತು ನಿಮಿಷವಿದ್ದಾಗ ಶೆಡ್ಡಿನ ಮುಂದೆ ಒಂದು ಲಾರಿ ನಿಂತಿತು. ಅದರ ಮೇಲಿಂದ ಮೈಯೆಲ್ಲ ಧೂಳಾಗಿ, ಬಗಲಲ್ಲಿ ನಿಲುವಂಗಿಯ ಗಂಟು, ಕೈಯಲ್ಲಿ ಒಂದು ಜಲ್ಲೆ ಕಬ್ಬು ಹಿಡಿದುಕೊಂಡು ಅಯ್ಯನವರು ಇಳಿದರು. ಹಳಿಯಾಳ ಬಿಟ್ಟು ಸ್ವಲ್ಪ ದೂರಕ್ಕೆ ಬಸ್ಸು ಕೆಟ್ಟಿತಂತೆ. ಗಾಣಕ್ಕೆ ಹೋಗುತ್ತಿದ್ದ ಕಬ್ಬಿನ ಗಾಡಿಯಲ್ಲಿ ಸ್ವಲ್ಪ ದೂರ, ನಡೆದು ಸ್ವಲ್ಪ ದೂರ, ಆಮೇಲೆ ಈ ಲಾರಿ. "ಮಂದಿ ಎಲ್ಲೆ?" ಎಂದರು. ನಾನು ಮೇಲೆ ತಗಡು ನೋಡಿದೆ. ಮಾರ್ಥವ್ವ ನನ್ನ ಮರ್ಯಾದೆ ಕಾಯ್ದಳು. "ಕರಿಯಾಕ ಹೊಂಟಾನ್ರಿ" ಎಂದಳು.

ಅಯ್ಯನವರಿಗೆ ಮೂರು ಗಂಟೆಗೆ ಹಿಂದಿರುಗುವ ಬಸ್ಸು. ಹೊರಗೆ ಓಡಿ ರೈಲು ಪಟ್ಟಿ ಬಡಿದೆ. ಯಾರೂ ಬರಲಿಲ್ಲ, ಆರಾಧನೆ ಮುಗಿದ ಮೇಲೆ ಗಂಟೆ ಬಡಿಯುವ ಪದ್ಧತಿ ಇಲ್ಲವೆಂದು ಜನರಿಗೆ ಚೆನ್ನಾಗಿ ಕಲಿಸಿದ್ದವನು ನಾನೇ. ಕ್ವಾರ್ಟರ್ಸಿಗೆ ಓಡಿದೆ. ಕಟ್ಟೆಯ ಮೇಲೆ ಕೂತಿದ್ದ ಕಲ್ಲಪ್ಪ, "ಯಾಕ್ರಿ ಟೈಂಕೀಪರ, ನಿಮ್ಮ ದೇವರ ಶಿಫ್ಟ್ ಮುಗದಿತ್ತಲ್ಲ?" ಎಂದ. ವಿಷಯ ಹೇಳಿದೆ. ಅವನು ನಗುವುದು ಬಿಟ್ಟು, ಚಪ್ಪಲಿ ಮೆಟ್ಟಿ, "ಸಂತಿ ನನಗ ಬಿಡ್ರಿ. ನನ್ನ ಸೈಕಲ್ ನೀವು ಒಯ್ಯಿರಿ" ಎಂದು ಹೊರಟೇಬಿಟ್ಟ. ಮುಂದೆ ಕೇಳಿದ್ದೇನೆಂದರೆ, ಆತ ಉಳ್ಳಾಗಡ್ಡಿ ಮಾರುವವನ ಕಟ್ಟೆ ಹತ್ತಿ ನಿಂತು, "ಕ್ರಿಸ್ತರ ಮಂದಿ ಯಾರ್ಯಾರು ಅದೀರಿ, ಎಲ್ಲಾರೂ ಶೆಡ್ಡಿಗೆ ನಡೀರಿ, ನಿಮ್ಮ ಅಯ್ಯಗೋಳು ಬಂದಾರ" ಎಂದು ಬಾಯ್ಲರಿನ ಸದ್ದಿಗೂ ಮೀರಿ ಕೂಗುವ ತನ್ನ ದನಿಯಲ್ಲಿ ಕೂಗಿದನಂತೆ. ಶಾಂತಪ್ಪ ಅರ್ಧ ಅಳೆದ ಅಕ್ಕಿಯನ್ನು ಅಲ್ಲೇ ಬಿಟ್ಟು ಓಡಿ ಬಂದ. ಎರಡು ಗಂಟೆಯ ಶಿಫ್ಟಿಗೆ ಹೊರಟಿದ್ದ ಮೂವರಿಗೆ ಮಾತ್ರ ಬರಲಾಗಲಿಲ್ಲ. ಅವರು ನನ್ನ ಗೇಟಿನ ಪುಸ್ತಕಕ್ಕೆ ಹೆದರಿದ್ದರು.

ನಾನು ಸೈಕಲ್ಲಿನ ಮೇಲೆ ಮನೆ ಮನೆಗೆ ಹೇಳಿ, ಕಡೆಗೆ ಹೊಳೆಯ ಕಡೆ ಹೋದೆ. ನಮ್ಮ ಸಭೆಯಲ್ಲಿ ಹಾಡು ಎತ್ತಿಕೊಡುವವರು ಬಡಿಗೇರ ದೇವದಾಸಪ್ಪನವರೊಬ್ಬರೇ; ಅವರು ಕಾಳಿ ನದಿಯ ಬಂಡೆಯ ಮೇಲೆ ಗಾಳ ಹಾಕಿ ಕೂತಿದ್ದರು. ಕೂಗಿದೆ. ಕೈ ಮಾಡಿ ಸುಮ್ಮನಿರುವಂತೆ ಹೇಳಿದರು. ಹತ್ತಿರ ಹೋಗಿ ಹೇಳಿದೆ. "ತಡೀರಿ ಹಿರೇರ, ಕಚ್ಚಾಕತ್ತೈತಿ" ಎಂದು ಪಿಸುಗುಟ್ಟಿದರು. ಜಗತ್ತಿನಲ್ಲಿ ಮೀನು ಹಿಡಿಯುವವನ ಪಕ್ಕದಲ್ಲಿ ನಿಲ್ಲುವಷ್ಟು ಕಷ್ಟದ ಕೆಲಸ ನನ್ನಂಥವನಿಗೆ ಬೇರೊಂದಿಲ್ಲ. ಅಂತೂ ಮೀನು ಬಂತು, ಸಣ್ಣದು. ಅದನ್ನು ಅವರು ಚೀಲಕ್ಕೆ ಹಾಕಿ, ಗಾಳ ಸುತ್ತಿ, ಕಾಲು ತೊಳೆದು, ಸೈಕಲ್ಲಿನ ಹಿಂದೆ ಕೂರುವುದರೊಳಗೆ ಹೊತ್ತು ಹೋಗಿಯೇ ಹೋಯಿತು. ಏರಿನಲ್ಲಿ ಚೈನು ಬಿತ್ತು. ಉಳಿದ ದಾರಿ ಇಬ್ಬರೂ ಸೈಕಲ್ ನೂಕಿಕೊಂಡು ಬಂದೆವು.

ಶೆಡ್ಡು ಮುಟ್ಟಿದಾಗ ಎರಡೂವರೆ ದಾಟಿತ್ತು. ಬಾಗಿಲು ಮುಂದಕ್ಕೆ ಮಾಡಿತ್ತು. ಒಳಗೆ ಹಾಡಿಲ್ಲ, ಮಾತಿಲ್ಲ. ಎಲ್ಲಾ ಮುಗಿದು ಮೌನ ಪ್ರಾರ್ಥನೆ ನಡೆದಿದೆ ಎಂದುಕೊಂಡೆ. ಸಾಕ್ಷಿಯಿಲ್ಲದೆಯೇ ಕೂಸಿನ ದೀಕ್ಷಾಸ್ನಾನ ಆಗಿಹೋಯಿತು, ಆಗಲಿ, ಆಯಿತಲ್ಲ, ಅಷ್ಟೇ ಸಾಕು ಎಂದು ಹೊರಗೇ ನಿಂತೆ. ನಾನೇ ಮಾಡಿದ ಪದ್ಧತಿ. ತಡವಾಗಿ ಬಂದು ಬಾಗಿಲು ತಳ್ಳಲು ಧೈರ್ಯವಾಗಲಿಲ್ಲ. ದೇವದಾಸಪ್ಪನವರಿಗೆ ಅಂಥ ಸಂಕೋಚವೇನೂ ಇರಲಿಲ್ಲ. ಮೀನಿನ ಚೀಲ ಗೂಟಕ್ಕೆ ಹಾಕಿ ಬಾಗಿಲು ತೆರೆದರು.

ಒಳಗೆ ಎಲ್ಲರೂ ಸುಮ್ಮನೆ ಕೂತಿದ್ದರು. ಸಂತೆಯ ಚೀಲಗಳು ಮಗ್ಗುಲಲ್ಲಿದ್ದವು. ಮಕ್ಕಳು ಅಯ್ಯನವರು ತಂದ ಕಬ್ಬು ತಿನ್ನುತ್ತಿದ್ದರು. ಮೇಜಿನ ಮೇಲೆ ನಮ್ಮ ಮನೆಯ ಹಿತ್ತಾಳೆಯ ಬಟ್ಟಲಿನಲ್ಲಿ ನೀರಿತ್ತು. ಅಯ್ಯನವರು ನಿಲುವಂಗಿ ಹಾಕಿಕೊಂಡು ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ದರು. ಕೂಸು ಮಾರ್ಥವ್ವನ ತೊಡೆಯ ಮೇಲೆ ನಿದ್ದೆ ಹೋಗಿತ್ತು.

"ಬರ್ರಿ" ಎಂದರು ಅಯ್ಯನವರು. "ನಾ ಸುರು ಮಾಡತೇನಿ, ಬಸ್ಸು ಹೊಕ್ಕೈತಿ ಅಂದೆ. ಈ ಅಜ್ಜಿ ಕೇಳಲಿಲ್ಲ. ನಿಮಗಾಗಿ ಅರ್ಧಾ ತಾಸಿನಿಂದ ಕುಂತೇವಿ."

"ಮತ್ತೇನ್ರಿ" ಎಂದಳು ಮಾರ್ಥವ್ವ. "ನಿಮಗ ಮೂರ ತಿಂಗಳಾ ಕಾದೇವಿ. ಮಂದೀನೆಲ್ಲಾ ಕರಿಯಾಕ ಹೋದಾಂವಗ ಅರ್ಧಾ ತಾಸು ಕಾಯಾಕ ಭಾರ ಏನ್ರಿ? ಆಂವ ಬರ್ತಾನ ಅಂತ ನನಗ ಗೊತ್ತಿತ್ತು."

ನನ್ನ ಜನ್ಮದಲ್ಲಿ ಯಾರೂ ನನಗಾಗಿ ಕಾದವರಿರಲಿಲ್ಲ. ಕಾಯಲು ನಾನು ಅವಕಾಶವನ್ನೇ ಕೊಟ್ಟಿರಲಿಲ್ಲ. ಎಲ್ಲಿಗೆ ಹೋದರೂ ಮೊದಲು ಮುಟ್ಟುವವನು ನಾನು. ಐವತ್ತು ಜನ, ನಾನು ಕೆಂಪು ಗೆರೆ ಎಳೆದ ಅದೇ ಜನ, ಸಂತೆ ಬಿಟ್ಟು ಬಂದು ನನ್ನ ದಾರಿ ನೋಡುತ್ತ ಕೂತಿದ್ದರು. ಯಾರ ಮುಖದಲ್ಲೂ ಬೇಸರವಿರಲಿಲ್ಲ. ಮುಂದೆ ಹೋಗಿ ನಿಂತೆ. ಮಾರ್ಥವ್ವ ಕೂಸನ್ನು ನನ್ನ ಕೈಗೆ ಕೊಟ್ಟಳು. ಅಯ್ಯನವರು ಸಾಕ್ಷಿಗೆ ಕೇಳುವ ಪ್ರಶ್ನೆಗಳನ್ನು ಕೇಳಿದರು, ನಾನು ಪ್ರತಿಯೊಂದನ್ನೂ ಪೂರ್ತಿ ಕೇಳಿಸಿಕೊಂಡು ಉತ್ತರ ಕೊಟ್ಟೆ. ಸುಗುಣ ಬೆರಗಾಗಿ ನನ್ನನ್ನೇ ನೋಡುತ್ತಿದ್ದಳು. ಮಗುವಿನ ಹೆಸರೇನು ಎಂದು ಕೇಳಿದಾಗ ಶಾಂತಪ್ಪ "ಸಾಮುವೇಲ" ಎಂದ. ಅದು ನನ್ನ ಹೆಸರು. ಯಾರೂ ನನಗೆ ಮೊದಲೇ ಹೇಳಿರಲಿಲ್ಲ. ತಲೆಗೆ ನೀರು ಬಿದ್ದಾಗ ಕೂಸು ಕಣ್ಣು ಬಿಟ್ಟು, ಒಂದು ಗಳಿಗೆ ವಿಚಾರ ಮಾಡಿ, ಆಮೇಲೆ ಅತ್ತಿತು. ಅದರ ತಾಯಿ ಸೆರಗು ಬಾಯಿಗೆ ಹಿಡಿದು ನಗುತ್ತಲೂ ಇದ್ದಳು, ಅಳುತ್ತಲೂ ಇದ್ದಳು. ದೇವದಾಸಪ್ಪನವರು ಹಾಡು ಎತ್ತಿದರು. ಮೂರು ಗಂಟೆಯ ಬಸ್ಸು ಹಾಡಿನ ನಡುವೆ ಹಾರ್ನು ಹೊಡೆದುಕೊಂಡು ಹೋದದ್ದು ಎಲ್ಲರಿಗೂ ಕೇಳಿಸಿತು.

ಹೀಗಾಗಿ ಅಯ್ಯನವರು ನಮ್ಮಲ್ಲೇ ಉಳಿದರು. ಸಂಜೆ ಹಾಜರಿ ಪುಸ್ತಕ ನೋಡಬೇಕೆಂದು ಕೇಳಿದರು. ಮೊದಲ ಸಾಲಿನ ಕೆಂಪು ಗೆರೆಯನ್ನು ಕನ್ನಡಕ ಸರಿಮಾಡಿಕೊಂಡು ನೋಡಿ, "ನನ್ನ ಅರ್ಧಾ ದಿನಾ ಹಿಡದೀರೋ, ಪೂರಾನೋ?" ಎಂದು ಶಾಂತವಾಗಿ ಕೇಳಿದರು. ನಾನು ಪೆನ್ನು ತೆಗೆದು ಅವರಿಗೆ ನೀಲಿ ಗುರುತು ಹಾಕಿ, ನನ್ನ ಹೆಸರು ಹುಡುಕಿ ಅದರ ಮುಂದೆ ಕೆಂಪು ಗೆರೆ ಎಳೆದೆ. ಆಗಲೇ ಗಮನಕ್ಕೆ ಬಂದದ್ದು: ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದು ಗಳಿಗೆಯೂ ಶೆಡ್ಡು ಬಿಟ್ಟು ಹೋಗದ ಮಾರ್ಥವ್ವನ ಹೆಸರು ನನ್ನ ಪುಸ್ತಕದಲ್ಲಿ ಇರಲೇ ಇಲ್ಲ. ಕ್ಯಾಂಪಿನವಳು, ಖಾಯಂ ಅಲ್ಲ ಎಂದು ಬರೆದಿರಲಿಲ್ಲ. ಕಡೆಯ ಸಾಲಿನ ಕೆಳಗೆ ಬರೆದುಕೊಂಡೆ. ಊಟಕ್ಕೆ ಅವರೆಕಾಳಿನ ಸಾರು. ನಾನು ಸುಲಿದ ಕಾಯಿಯ ಸಿಪ್ಪೆ, ನಾರು ಎಲ್ಲರ ಹಲ್ಲಿಗೂ ಸಿಕ್ಕಿತು. "ಇದು ಮಾರ್ಥವ್ವಂದಲ್ಲ" ಎಂದು ಸುಗುಣ ಅತಿಥಿಗಳಿಗೆ ತಿಳಿಸಿದಳು.

ಮರುದಿನ ಬೆಳಿಗ್ಗೆ, ರಾತ್ರಿ ನಮ್ಮಲ್ಲೇ ಉಳಿದಿದ್ದ ಮಾರ್ಥವ್ವನ ಸಂಸಾರವನ್ನು ಕಳಿಸಲು ಲಾರಿಗಳು ನಿಲ್ಲುವ ಅರಣ್ಯ ನಾಕಾದ ತನಕ ಹೋದೆ. ಲಾರಿ ಆರೂವರೆಗೆ ಬರಬೇಕಿತ್ತು, ಬರಲಿಲ್ಲ. ಏಳು ಗಂಟೆಯ ಭೋಂಗಾ ಕೂಗಿತು. "ನೀ ಹೋಗು ತಮ್ಮಾ, ನಿನ್ನ ಗೇಟಿಗೆ ಹೊತ್ತಾತು" ಎಂದಳು ಮಾರ್ಥವ್ವ. "ಲಾರಿ ಬರ್ಲಿ" ಎಂದು ಕೂಸನ್ನು ಎತ್ತಿಕೊಂಡು ಅಲ್ಲೇ ಕಲ್ಲಿನ ಮೇಲೆ ಕೂತೆ. ಕೈಯಲ್ಲಿ ಕೂಸಿದ್ದರೆ ಕೈಗಡಿಯಾರ ನೋಡಲು ಬರುವುದಿಲ್ಲ ಎಂಬುದು ನನಗೆ ಆ ದಿನವೇ ಗೊತ್ತಾದದ್ದು. ಲಾರಿ ಬಂದು, ಅವರು ಹತ್ತಿ, ಅದು ತಿರುವಿನಲ್ಲಿ ಮರೆಯಾದ ಮೇಲೆ ಕಾರ್ಖಾನೆಗೆ ಓಡಿದೆ. ಗೇಟಿನ ಮುಂದೆ ಇಡೀ ಶಿಫ್ಟು ನಿಂತಿತ್ತು. ಗುರುತು ಹಾಕುವವನಿಲ್ಲದೆ ಅಷ್ಟೂ ಜನ ನನಗಾಗಿ ಕಾಯುತ್ತಿದ್ದರು. ಎರಡು ದಿನದಲ್ಲಿ ಇದು ಎರಡನೆಯ ಸಲ. ಎಲ್ಲರಿಗಿಂತ ಮುಂದೆ ನಿಂತಿದ್ದ ಕಲ್ಲಪ್ಪ, ಅವತ್ತು ಒಂದು ನಿಮಿಷವೂ ತಡಮಾಡದೆ ಬಂದಿದ್ದವನು, ನನ್ನ ಖೋಲಿಯ ಕಿಟಕಿಯಲ್ಲಿ ಕೈ ಹಾಕಿ ಕೆಂಪು ಪೆನ್ನು ತೆಗೆದು ನನ್ನ ಕೈಗಿಟ್ಟು, "ಮೊದಲ ನಿಮ್ಮದ ಹೊಡ್ಕೋರಿ ಸಾಹೇಬ್ರ. ಗಡಿಬಿಡಿ ಏನಿಲ್ಲ, ನಾವು ನಿಂತಿರ್ತೇವಿ" ಎಂದ.